ಆಲೂಗಡ್ಡೆ, ಸಕ್ಕರೆ ನೀರು ಮತ್ತು ಅಭಿಸರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಪ್ರಾಜೆಕ್ಟ್ ಕಾಲ ಬಂತೆಂದರೆ ಸಾಕು, ಕಾರಿಡಾರಿನಲ್ಲಿ, ಫೋನಿನಲ್ಲಿ, ಒಮ್ಮೊಮ್ಮೆ ತರಕಾರಿ ಅಂಗಡಿಯ ಮುಂದೆಯೂ ಇವೇ ಪ್ರಶ್ನೆಗಳು ಬರುತ್ತವೆ. ಮಕ್ಕಳು ಕೇಳುತ್ತಾರೆ, ಅವರಿಗಿಂತ ಜಾಸ್ತಿ ಅಪ್ಪ ಅಮ್ಮಂದಿರು ಕೇಳುತ್ತಾರೆ. ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಈ ಪ್ರಯೋಗದಲ್ಲಿ ನಾವು ಏನನ್ನು ಹುಡುಕುತ್ತಿದ್ದೇವೆ?

ಒಂದು ಅಂಕಿಯನ್ನು. ಒಂದೇ ಅಳತೆಯ ಆಲೂಗಡ್ಡೆ ಕಡ್ಡಿಗಳನ್ನು ತೂಕ ಮಾಡಿ, ಬೇರೆ ಬೇರೆ ಸಾರತೆಯ ಸಕ್ಕರೆ ನೀರಿನಲ್ಲಿ ಮುಳುಗಿಸಿ ಇಡುತ್ತೇವೆ. ಕೆಲವು ಗಂಟೆ ಬಿಟ್ಟು ತೆಗೆದು ಮತ್ತೆ ತೂಕ ಮಾಡುತ್ತೇವೆ. ಬರೀ ನೀರಿನಲ್ಲಿದ್ದ ಕಡ್ಡಿ ತೂಕ ಜಾಸ್ತಿಯಾಗಿ ಗಟ್ಟಿಯಾಗಿರುತ್ತದೆ. ತುಂಬಾ ಸಕ್ಕರೆ ಇದ್ದ ಲೋಟದ ಕಡ್ಡಿ ತೂಕ ಕಳೆದುಕೊಂಡು ಮೆತ್ತಗಾಗಿರುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಸಾರತೆಯಲ್ಲಿ ತೂಕ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆ ಜಾಗ ಯಾವುದು ಅನ್ನುವುದೇ ಪ್ರಶ್ನೆ.

ಅಭಿಸರಣೆ ಅಂದರೆ ಸುಲಭವಾಗಿ ಹೇಳಿ.

ಸೌತೆಕಾಯಿ ಕೋಸಂಬರಿಗೆ ಉಪ್ಪನ್ನು ಯಾವಾಗ ಹಾಕುತ್ತೀರಿ? ಬಡಿಸುವ ಹೊತ್ತಿಗೆ, ಅಲ್ವಾ? ಮೊದಲೇ ಹಾಕಿಟ್ಟರೆ ಅರ್ಧ ಗಂಟೆಯಲ್ಲಿ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರು ಸೌತೆಕಾಯಿಯ ಜೀವಕೋಶಗಳ ಒಳಗಿನಿಂದ ಬಂದದ್ದು. ಜೀವಕೋಶದ ಸುತ್ತ ಇರುವ ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಸಕ್ಕರೆ ಉಪ್ಪುಗಳನ್ನು ಹಾಗೆ ಬಿಡುವುದಿಲ್ಲ. ಆದ್ದರಿಂದ ಕರಗಿದ ಪದಾರ್ಥ ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ನೀರು ಸರಿಯುತ್ತದೆ. ಇದೇ ಅಭಿಸರಣೆ. ಇಂಗ್ಲಿಷ್ ಮೀಡಿಯಂನವರು ಆಸ್ಮಾಸಿಸ್ ಅನ್ನುತ್ತಾರೆ. ಉಪ್ಪಿನಕಾಯಿಗೆ ಮಾವಿನ ಹೋಳನ್ನು ಉಪ್ಪಿನಲ್ಲಿ ಹಾಕಿಟ್ಟಾಗ ಭರಣಿಯಲ್ಲಿ ನೀರು ಬಿಡುವುದೂ ಇದರಿಂದಲೇ. ಒಣದ್ರಾಕ್ಷಿ ನೀರಿನಲ್ಲಿ ನೆನೆದು ಉಬ್ಬುವುದು ಇದರ ಉಲ್ಟಾ.

ಒಂದು ಮಾತು ನೆನಪಿರಲಿ. ನೀರು ಒಂದೇ ದಿಕ್ಕಿಗೆ ಹೋಗುವುದಿಲ್ಲ. ಒಳಗೂ ಬರುತ್ತದೆ, ಹೊರಗೂ ಹೋಗುತ್ತದೆ. ಒಂದು ಕಡೆಗೆ ಜಾಸ್ತಿ ಹೋದಾಗ ನಮಗೆ ತೂಕದಲ್ಲಿ ಗೊತ್ತಾಗುತ್ತದೆ. ತೂಕ ಬದಲಾಗದ ಲೋಟದಲ್ಲೂ ನೀರು ಓಡಾಡುತ್ತಲೇ ಇರುತ್ತದೆ, ಹೋದಷ್ಟೇ ಬರುತ್ತದೆ.

ಸಾರತೆ, ಸಾಂದ್ರತೆ ಎರಡೂ ಒಂದೇನಾ?

ಅಲ್ಲ. ದ್ರಾವಣದಲ್ಲಿ ಎಷ್ಟು ಪದಾರ್ಥ ಕರಗಿದೆ ಅನ್ನುವುದು ಸಾರತೆ. ಒಂದು ಮಿಲಿ ದ್ರವ ಎಷ್ಟು ತೂಗುತ್ತದೆ ಅನ್ನುವುದು ಸಾಂದ್ರತೆ. ರೆಕಾರ್ಡಿನಲ್ಲಿ ಇವೆರಡನ್ನು ಅದಲುಬದಲು ಮಾಡುವವರು ತುಂಬಾ ಜನ. ಈ ಪ್ರಯೋಗದಲ್ಲಿ ಎರಡೂ ಬರುತ್ತವೆ, ಮುಂದೆ ಹೇಳುತ್ತೇನೆ.

ಲ್ಯಾಬಿನಲ್ಲಿ ಮಾಡುವ ಆಲೂಗಡ್ಡೆ ಆಸ್ಮೋಸ್ಕೋಪ್ ಸಾಲದೇ?

ಅದರಲ್ಲಿ ಆಲೂಗಡ್ಡೆಯ ನಡುವೆ ಗುಳಿ ತೋಡಿ, ಸಕ್ಕರೆ ದ್ರಾವಣ ತುಂಬಿ, ಗುಂಡುಸೂಜಿ ಚುಚ್ಚಿ ಮಟ್ಟ ಗುರುತು ಮಾಡುತ್ತೀರಿ. ಮಟ್ಟ ಮೇಲೇರುತ್ತದೆ. ನೀರು ಬಂತು ಅನ್ನುವುದು ಅಲ್ಲಿಗೆ ಗೊತ್ತಾಯಿತು. ಎಷ್ಟು ಸಾರತೆಗೆ ಎಷ್ಟು ನೀರು ಅನ್ನುವುದು ಗೊತ್ತಾಗಲಿಲ್ಲ. ಕಡ್ಡಿಯ ಪ್ರಯೋಗ ಅದನ್ನು ಹೇಳುತ್ತದೆ.

ಯಾವ ಆಲೂಗಡ್ಡೆ ತರಬೇಕು?

ಗಟ್ಟಿಯಾದದ್ದು, ಮೊಳಕೆ ಬರದದ್ದು, ಹಸಿರು ತಿರುಗದದ್ದು. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಎಲ್ಲ ಕಡ್ಡಿಗಳೂ ಒಂದೇ ಕಂತಿನ ಆಲೂಗಡ್ಡೆಯಿಂದ ಬರಬೇಕು. ಬೆಂಗಳೂರಿನ ಅಂಗಡಿಗಳಲ್ಲಿ ಹಾಸನದ ಕಡೆಯ ಹೊಸ ಆಲೂಗಡ್ಡೆಯೂ ಇರುತ್ತದೆ, ಉತ್ತರದ ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಇದ್ದು ಬಂದದ್ದೂ ಇರುತ್ತದೆ. ಚಳಿಯಲ್ಲಿ ಇಟ್ಟ ಆಲೂಗಡ್ಡೆಯಲ್ಲಿ ಪಿಷ್ಟದ ಸ್ವಲ್ಪ ಭಾಗ ಸಕ್ಕರೆಯಾಗುತ್ತದೆ. ಪಿಷ್ಟ ಕರಗುವುದಿಲ್ಲ, ಸಕ್ಕರೆ ಕರಗುತ್ತದೆ. ಅಂದರೆ ಜೀವಕೋಶದ ಒಳಗಿನ ರಸದ ಸಾರತೆಯೇ ಬದಲಾಗಿರುತ್ತದೆ. ನಿಮ್ಮ ಉತ್ತರವೂ ಬದಲಾಗುತ್ತದೆ. ಅಂಥ ಆಲೂಗಡ್ಡೆಯಲ್ಲಿ ಚಿಪ್ಸ್ ಕರಿದರೆ ಬೇಗ ಕಂದು ಬಣ್ಣ ಬರುವುದನ್ನು ಮನೆಯಲ್ಲಿ ನೋಡಿರುತ್ತೀರಿ, ಅದಕ್ಕೂ ಆ ಸಕ್ಕರೆಯೇ ಕಾರಣ. ಹಾಗಾಗಿ ತಂದ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ.

ಒಂದೇ ಗಡ್ಡೆಯಲ್ಲಿ ಎಲ್ಲ ಕಡ್ಡಿ ಸಿಗದಿದ್ದರೆ ಎರಡು ತೆಗೆದುಕೊಳ್ಳಿ. ಆದರೆ ಒಂದು ಗಡ್ಡೆಯ ಕಡ್ಡಿಗಳೆಲ್ಲ ಒಂದೇ ಲೋಟಕ್ಕೆ ಹೋಗಬಾರದು. ಎರಡರ ಕಡ್ಡಿಗಳನ್ನೂ ಎಲ್ಲ ಲೋಟಗಳಿಗೆ ಹಂಚಿ.

ಕಡ್ಡಿ ಕತ್ತರಿಸುವುದು ಹೇಗೆ? ಕಾರ್ಕ್ ಬೋರರ್ ಇಲ್ಲ.

ಚಾಕು ಮತ್ತು ಸ್ಕೇಲ್ ಸಾಕು. ಮೊದಲು ಸಿಪ್ಪೆ ಪೂರ್ತಿ ತೆಗೆಯಿರಿ, ಸಿಪ್ಪೆಯ ಮೂಲಕ ನೀರು ಸರಿಯಾಗಿ ಹೋಗುವುದಿಲ್ಲ. 1 ಸೆಂಮೀ ದಪ್ಪದ ಬಿಲ್ಲೆ ಮಾಡಿ, ಅದನ್ನು 1 ಸೆಂಮೀ ಅಗಲದ ಕಡ್ಡಿ ಮಾಡಿ, 5 ಸೆಂಮೀಗೆ ಕತ್ತರಿಸಿ. ಒಂದೊಂದು ಸುಮಾರು 5 ಗ್ರಾಂ ತೂಗುತ್ತದೆ. ಒಂದು ಲೋಟಕ್ಕೆ ಮೂರು ಕಡ್ಡಿ, ಆರು ಲೋಟಕ್ಕೆ ಹದಿನೆಂಟು. ಕತ್ತರಿಸಿದ ತಕ್ಷಣ ಮುಚ್ಚಿಡಿ, ಇಲ್ಲದಿದ್ದರೆ ಫ್ಯಾನಿನ ಗಾಳಿಗೆ ಒಣಗಿ ತೂಕ ಕಳೆದುಕೊಳ್ಳುತ್ತವೆ. ಕಡ್ಡಿಗಳನ್ನು ನೀರಿನ ಬಟ್ಟಲಿಗೆ ಹಾಕಿ ಇಡಬೇಡಿ. ಪಲ್ಯಕ್ಕೆ ಹೆಚ್ಚುವಾಗಿನ ಅಭ್ಯಾಸ ಅದು. ಇಲ್ಲಿ ಹಾಗೆ ಮಾಡಿದರೆ ಪ್ರಯೋಗ ಶುರುವಾಗುವ ಮುಂಚೆಯೇ ಕಡ್ಡಿ ನೀರು ಕುಡಿದಿರುತ್ತದೆ.

1 ಮೋಲಾರ್ ಸಕ್ಕರೆ ದ್ರಾವಣ ಮನೆಯಲ್ಲಿ ಮಾಡಬಹುದಾ?

ಮಾಡಬಹುದು. ಬಿಳಿ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಸುಕ್ರೋಸ್ ಆಗಿರುತ್ತದೆ. ಬೆಲ್ಲ ಬೇಡ, ಅದರಲ್ಲಿ ಬೇರೆ ಸಕ್ಕರೆಗಳೂ ಲವಣಗಳೂ ಇರುತ್ತವೆ. ಸುಕ್ರೋಸಿನ 1 ಮೋಲ್ ಅಂದರೆ 342 ಗ್ರಾಂ. ಒಂದು ಲೀಟರ್ ದ್ರಾವಣದಲ್ಲಿ ಅಷ್ಟು ಕರಗಿದ್ದರೆ ಅದರ ಸಾರತೆ 1 ಮೋಲಾರ್.

ಹೆಚ್ಚಿನವರು ತಪ್ಪುವುದು ಇಲ್ಲಿಯೇ. 342 ಗ್ರಾಂ ಸಕ್ಕರೆಯನ್ನು 1 ಲೀಟರ್ ನೀರಿಗೆ ಹಾಕುತ್ತಾರೆ. ಸಕ್ಕರೆ ಕರಗಿದರೂ ಜಾಗ ಹಿಡಿಯುತ್ತದೆ. ಅಷ್ಟು ಸಕ್ಕರೆ 200 ಮಿಲಿಗಿಂತ ಜಾಸ್ತಿ ಜಾಗ ತೆಗೆದುಕೊಂಡು, ದ್ರಾವಣ 1.2 ಲೀಟರ್ ಆಗಿಬಿಡುತ್ತದೆ. ಅದು 1 ಮೋಲಾರ್ ಅಲ್ಲ, 0.83ರ ಆಸುಪಾಸು. ಸರಿಯಾದ ದಾರಿ ಹೀಗಿದೆ: ಮೊದಲು ಕಡಿಮೆ ನೀರಿನಲ್ಲಿ ಸಕ್ಕರೆ ಪೂರ್ತಿ ಕರಗಿಸಿ, ಆಮೇಲೆ ಅಳತೆ ಪಾತ್ರೆಯ ಗೆರೆಯವರೆಗೆ ನೀರು ತುಂಬಿ. ಪ್ರತಿ ಲೋಟಕ್ಕೆ 50 ಮಿಲಿ ಸಾಕೆಂದರೆ ನಿಮಗೆ 250 ಮಿಲಿ ಮೂಲ ದ್ರಾವಣ ಬೇಕಾದಷ್ಟಾಯಿತು, ಅದಕ್ಕೆ 85.5 ಗ್ರಾಂ ಸಕ್ಕರೆ.

ಅದರಿಂದ ಉಳಿದವನ್ನು ಮಾಡಿಕೊಳ್ಳಿ. 10 ಮಿಲಿ ಮೂಲ ದ್ರಾವಣಕ್ಕೆ ನೀರು ಸೇರಿಸಿ 50 ಮಿಲಿ ಮಾಡಿದರೆ 0.2 ಮೋಲಾರ್. 20 ಮಿಲಿಗೆ 0.4, 30ಕ್ಕೆ 0.6, 40ಕ್ಕೆ 0.8. ಒಂದು ಲೋಟದಲ್ಲಿ ಬರೀ ನೀರು, ಒಂದರಲ್ಲಿ ಮೂಲ ದ್ರಾವಣ ಹಾಗೆಯೇ. ನೀರು ಬಿಸಿ ಮಾಡಿ ಕರಗಿಸಿದ್ದರೆ ಪೂರ್ತಿ ಆರಿದ ಮೇಲೆ ಗೆರೆಗೆ ತನ್ನಿ.

ನಲ್ಲಿ ನೀರು ಬಳಸಬಹುದಾ?

ಡಿಸ್ಟಿಲ್ಡ್ ವಾಟರ್ ಒಳ್ಳೆಯದು, ಇಲ್ಲದಿದ್ದರೆ ಆರ್‌ಒ ನೀರು. ಕಾವೇರಿ ನೀರು ಬರುವ ಮನೆಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಬೋರ್‌ವೆಲ್ ನೀರಿನ ಬಗ್ಗೆ ಒಂದು ಲೆಕ್ಕ ಹಾಕೋಣ. ಲೀಟರಿಗೆ 1000 ಮಿಲಿಗ್ರಾಂ ಲವಣ ಇದೆ ಅಂದುಕೊಳ್ಳಿ. ಅದೆಲ್ಲ ಅಡುಗೆ ಉಪ್ಪೇ ಎಂದು ಹಿಡಿದರೆ 0.017 ಮೋಲಾರ್, ಕರಗಿದ ಕಣಗಳ ಲೆಕ್ಕದಲ್ಲಿ 0.034. ನಾವು ಹುಡುಕುವ ಉತ್ತರ 0.3ರ ಸುತ್ತ ಇರುವಾಗ ಇದು ಸಣ್ಣದು, ಆದರೆ ಸೊನ್ನೆ ಅಲ್ಲ. ನಿಮ್ಮ "0" ಲೋಟ ಸೊನ್ನೆಯಾಗಿರುವುದಿಲ್ಲ. ಒಂದು ಬಾಟಲಿ ಡಿಸ್ಟಿಲ್ಡ್ ವಾಟರಿನಿಂದ ಈ ತಲೆನೋವು ತಪ್ಪುತ್ತದೆ.

ಎಂಥ ತಕ್ಕಡಿ ಬೇಕು?

0.01 ಗ್ರಾಂ ತೋರಿಸುವಂಥದ್ದು. ಅಡುಗೆಮನೆಯ ತಕ್ಕಡಿ 1 ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ. 5 ಗ್ರಾಂ ಕಡ್ಡಿ ಶೇಕಡ 6ರಷ್ಟು ತೂಕ ಹೆಚ್ಚಿದರೆ ಅದು 0.3 ಗ್ರಾಂ ಅಷ್ಟೇ. ಆ ತಕ್ಕಡಿಗೆ ಅದು ಕಾಣಿಸುವುದೇ ಇಲ್ಲ. ಬೇರೆ ತಕ್ಕಡಿ ಸಿಗಲೇ ಇಲ್ಲವೆಂದರೆ ಒಂದು ಲೋಟಕ್ಕೆ ಹತ್ತು ಕಡ್ಡಿ ಹಾಕಿ, ಹತ್ತನ್ನೂ ಸೇರಿಸಿ ತೂಗಿ. ತೂಗುವಾಗ ಫ್ಯಾನ್ ಆಫ್ ಮಾಡಿ. ಗಾಳಿಗೆ ಕೊನೆಯ ಅಂಕಿ ಕುಣಿಯುತ್ತಲೇ ಇರುತ್ತದೆ.

ಎಷ್ಟು ಹೊತ್ತು ಇಡಬೇಕು?

ಒಂದು ಗಂಟೆಯಲ್ಲಿ ದಿಕ್ಕು ಗೊತ್ತಾಗುತ್ತದೆ. ಒಳ್ಳೆಯ ಅಂಕಿ ಬೇಕೆಂದರೆ ಸಂಜೆ ಇಟ್ಟು ಬೆಳಗ್ಗೆ ತೆಗೆಯಿರಿ. ಇಡೀ ದಿನ ದಾಟಿಸಬೇಡಿ. ನಮ್ಮ ಬೇಸಿಗೆಯಲ್ಲಿ ನೀರು ಕದಡಿ ವಾಸನೆ ಬರುತ್ತದೆ, ಆಮೇಲೆ ನೀವು ಅಳೆಯುತ್ತಿರುವುದು ಕೊಳೆತವನ್ನು. ಲೋಟಗಳಿಗೆ ಮುಚ್ಚಳ ಹಾಕಿ. ನೀರು ಆವಿಯಾಗಿ ಸಾರತೆ ಏರಬಾರದು ಅನ್ನುವುದು ಒಂದು ಕಾರಣ, ಇರುವೆ ಇನ್ನೊಂದು. ಎಲ್ಲ ಲೋಟಗಳೂ ಒಂದೇ ಜಾಗದಲ್ಲಿ ಇರಲಿ. ಎರಡು ಕಿಟಕಿಯ ಬಿಸಿಲಿಗೆ, ನಾಲ್ಕು ನೆರಳಿಗೆ ಆಗಬಾರದು.

ತೆಗೆದ ಮೇಲೆ ಒರೆಸಬೇಕಾ?

ಒರೆಸಲೇಬೇಕು. ಪ್ರಯೋಗ ಕೆಡುವುದು ಜಾಸ್ತಿ ಇಲ್ಲಿಯೇ. ಒಂದು ವರ್ಷ ನನ್ನ ಎರಡು ತಂಡಗಳು ಒಂದೇ ಬುಟ್ಟಿಯ ಆಲೂಗಡ್ಡೆ, ಒಂದೇ ದ್ರಾವಣ ತೆಗೆದುಕೊಂಡವು. ಉತ್ತರಗಳು ಮಾತ್ರ ದೂರ ದೂರ. ಪಕ್ಕದಲ್ಲಿ ನಿಂತು ನೋಡಿದೆ. ಒಬ್ಬ ಹುಡುಗಿ ಟಿಶ್ಯೂ ಮೇಲೆ ಕಡ್ಡಿಯನ್ನು ಮೆಲ್ಲಗೆ ಹೊರಳಿಸುತ್ತಿದ್ದಳು. ಇನ್ನೊಂದು ತಂಡದ ಹುಡುಗ ಕಡ್ಡಿಯನ್ನು ಟಿಶ್ಯೂನಲ್ಲಿ ಸುತ್ತಿ ಹೆಬ್ಬೆರಳಿನಿಂದ ಒತ್ತುತ್ತಿದ್ದ, ಮೆತ್ತಗಾದ ಕಡ್ಡಿಯಿಂದ ಒಳಗಿನ ನೀರೂ ಬರುತ್ತಿತ್ತು. ಅಂದಿನಿಂದ ನನ್ನ ಕ್ಲಾಸಿನಲ್ಲಿ ನಿಯಮ ಒಂದೇ: ಒಬ್ಬರೇ ಒರೆಸಬೇಕು, ನಾಲ್ಕು ಬದಿಯನ್ನೂ ಟಿಶ್ಯೂಗೆ ಒಮ್ಮೆ ತಾಗಿಸಬೇಕು, ತುದಿಗಳೆರಡನ್ನು ತಾಗಿಸಬೇಕು, ಒತ್ತಬಾರದು. ಮೊದಲ ತೂಕಕ್ಕೂ ಹೀಗೆಯೇ.

ಗಟ್ಟಿ ದ್ರಾವಣದಲ್ಲಿ ಕಡ್ಡಿ ತೇಲುತ್ತಿದೆ. ಏನೋ ತಪ್ಪಾಯ್ತಾ?

ಇಲ್ಲ. ಸಾಂದ್ರತೆಯ ಮಾತು ಇಲ್ಲಿ ಬರುತ್ತದೆ. 1 ಮೋಲಾರ್ ಸಕ್ಕರೆ ದ್ರಾವಣ ಮಿಲಿಗೆ ಸುಮಾರು 1.13 ಗ್ರಾಂ ತೂಗುತ್ತದೆ. ಆಲೂಗಡ್ಡೆ ಸಾಮಾನ್ಯವಾಗಿ 1.06ರಿಂದ 1.10. ಹಾಗಾಗಿ ಬರೀ ನೀರಿನಲ್ಲಿ ಮುಳುಗುವ ಕಡ್ಡಿ ಇಲ್ಲಿ ತೇಲುತ್ತದೆ. ತೊಂದರೆ ಏನೆಂದರೆ ಮೇಲಿನ ಭಾಗ ಗಾಳಿಗೆ ಬಿದ್ದಿರುತ್ತದೆ. ದ್ರಾವಣದ ಒಳಗೆ ಒಂದು ಸಣ್ಣ ಬಟ್ಟಲು ಅಥವಾ ಚಹಾ ಸೋಸುವ ಜಾಲರಿ ಇಟ್ಟು ಅದುಮಿಡಿ. ಎಲ್ಲ ಲೋಟಕ್ಕೂ ಅದನ್ನೇ ಮಾಡಿ.

ಗ್ರಾಂನಲ್ಲಿ ವ್ಯತ್ಯಾಸ ಬರೆದರೆ ಸಾಲದಾ? ಶೇಕಡ ಯಾಕೆ?

ಎಷ್ಟೇ ಹುಷಾರಾಗಿ ಕತ್ತರಿಸಿದರೂ ಕಡ್ಡಿಗಳು ಒಂದೇ ತೂಕ ಇರುವುದಿಲ್ಲ. 5.20 ಗ್ರಾಂನದ್ದು 5.51 ಆಯಿತು ಅಂದುಕೊಳ್ಳಿ. 0.31ನ್ನು 5.20ರಿಂದ ಭಾಗಿಸಿ 100ರಿಂದ ಗುಣಿಸಿದರೆ +6.0. ಅದೇ 0.31 ಗ್ರಾಂ 4.60ರ ಕಡ್ಡಿಗೆ ಹೆಚ್ಚಿದ್ದರೆ +6.7. ಗ್ರಾಂನಲ್ಲಿ ಒಂದೇ, ಕಡ್ಡಿಯ ಮಟ್ಟಿಗೆ ಬೇರೆ. ಭಾಗಿಸುವುದು ಯಾವಾಗಲೂ ಮೊದಲಿನ ತೂಕದಿಂದ. ತೂಕ ಕಡಿಮೆಯಾಗಿದ್ದರೆ ಮೈನಸ್ ಚಿಹ್ನೆ ಬಿಡಬೇಡಿ, ಗ್ರಾಫ್ ನಿಂತಿರುವುದೇ ಅದರ ಮೇಲೆ.

ಗ್ರಾಫ್ ಓದುವುದು ಹೇಗೆ?

ಅಡ್ಡಕ್ಕೆ ಸಾರತೆ, ಉದ್ದಕ್ಕೆ ಶೇಕಡ ಬದಲಾವಣೆ. ಸೊನ್ನೆಯ ಗೆರೆ ಹಾಳೆಯ ಮಧ್ಯದಲ್ಲಿ ಬರಲಿ, ಕೆಳಗೆ ಮೈನಸ್‌ಗೆ ಜಾಗ ಬೇಕು. ಉದಾಹರಣೆಗೆ 0.2ರಲ್ಲಿ +6, 0.4ರಲ್ಲಿ −7 ಬಂದಿದೆ ಅಂದುಕೊಳ್ಳಿ. ಎರಡು ಚುಕ್ಕೆ ಸೇರಿಸುವ ಗೆರೆ ಸೊನ್ನೆಯನ್ನು 0.29ರ ಹತ್ತಿರ ದಾಟುತ್ತದೆ. ಅದು ನಿಮ್ಮ ಆಲೂಗಡ್ಡೆಯ ಐಸೋಟಾನಿಕ್ ಸಾರತೆ. ಸಮಯ ಇದ್ದರೆ ಎರಡನೇ ಸುತ್ತು ಮಾಡಿ: 0.20, 0.25, 0.30, 0.35, 0.40. ಮೊದಲ ಸುತ್ತು ಊರು ತೋರಿಸಿದರೆ ಇದು ಮನೆಯನ್ನೇ ತೋರಿಸುತ್ತದೆ.

ಗೆರೆ ನೇರವಾಗಿ ಬರಲಿಲ್ಲ ಎಂದು ಮಕ್ಕಳು ಗಾಬರಿಯಾಗುತ್ತಾರೆ. ನೇರ ಬರಬೇಕಾಗಿಯೇ ಇಲ್ಲ. 0.6 ದಾಟಿದ ಮೇಲೆ ಇಳಿಜಾರು ಕಡಿಮೆಯಾಗಿ ಚಪ್ಪಟೆಯಾಗುತ್ತದೆ. ನೀರು ಹೊರಗೆ ಹೋದಂತೆ ಒಳಗೆ ಉಳಿದ ರಸ ಗಟ್ಟಿಯಾಗುತ್ತದೆ, ಅದು ಮುಂದಿನ ನೀರನ್ನು ಹಿಡಿದುಕೊಳ್ಳುತ್ತದೆ. ಜೊತೆಗೆ ಪೊರೆ ತನ್ನ ಹೊರಗಿನ ಗಟ್ಟಿ ಗೋಡೆಯಿಂದ, ಅಂದರೆ ಕೋಶಭಿತ್ತಿಯಿಂದ, ಕಳಚಿಕೊಂಡಾಗ ಆ ಸಂದಿಯಲ್ಲಿ ಸಕ್ಕರೆ ದ್ರಾವಣವೇ ಬಂದು ತುಂಬುತ್ತದೆ, ಅದೂ ತೂಕಕ್ಕೆ ಸೇರುತ್ತದೆ. ಬರೀ ನೀರಿನ ಕಡೆ ಬೇರೆ ಕಥೆ. ನೀರು ತುಂಬಿದಂತೆ ಕೋಶಭಿತ್ತಿ ಬಿಗಿಯಾಗಿ ತಿರುಗಿ ಒತ್ತುತ್ತದೆ, ಇನ್ನು ಸಾಕು ಅನ್ನುವ ಹಂತ ಬರುತ್ತದೆ. ಅದಕ್ಕೇ ಆಲೂಗಡ್ಡೆ ಒಡೆಯುವುದಿಲ್ಲ. ಕೋಶಭಿತ್ತಿ ಇಲ್ಲದ ಕೆಂಪು ರಕ್ತಕಣವನ್ನು ಬರೀ ನೀರಿಗೆ ಹಾಕಿದರೆ ಒಡೆದುಹೋಗುತ್ತದೆ.

0.29 ಬಂದರೆ ಜೀವಕೋಶದ ರಸವೂ 0.29 ಮೋಲಾರ್ ಅಂತ ಬರೆಯಬಹುದಾ?

ತುಂಬಾ ಗೈಡುಗಳಲ್ಲಿ ಹಾಗೆ ಇರುತ್ತದೆ. ನಾನು ಒಪ್ಪುವುದಿಲ್ಲ. ತಾಜಾ ಆಲೂಗಡ್ಡೆಯ ಜೀವಕೋಶ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ, ಕೋಶಭಿತ್ತಿಯ ಒತ್ತಡ ಒಳಗಿನಿಂದ ನೀರನ್ನು ಹೊರಗೆ ತಳ್ಳುತ್ತಿರುತ್ತದೆ. ತೂಕ ಬದಲಾಗದ ಬಿಂದು ಹೇಳುವುದು ರಸದ ಎಳೆತ ಮತ್ತು ಭಿತ್ತಿಯ ಒತ್ತಡ ಎರಡೂ ಸೇರಿದ ಲೆಕ್ಕವನ್ನು, ಅಂದರೆ ವಾಟರ್ ಪೊಟೆನ್ಷಿಯಲ್ ಅನ್ನು. ರಸದ ನಿಜವಾದ ಸಾರತೆ ಇದಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ವೈವಾದಲ್ಲಿ ಇದನ್ನು ಹೇಳಿದರೆ ಪರೀಕ್ಷಕರು ತಲೆ ಎತ್ತಿ ನೋಡುತ್ತಾರೆ.

ಲೆಕ್ಕ ಬೇಕಿದ್ದರೆ ಹೀಗೆ: ಸಾರತೆ, 0.0831 (ಅನಿಲ ಸ್ಥಿರಾಂಕ) ಮತ್ತು ಕೆಲ್ವಿನ್ ಉಷ್ಣತೆ ಮೂರನ್ನೂ ಗುಣಿಸಿ ಮೈನಸ್ ಹಾಕಿ. ಬೆಂಗಳೂರಿನ ಕೋಣೆ 25 ಡಿಗ್ರಿ ಇದ್ದರೆ 298 ಕೆಲ್ವಿನ್. 0.29ಕ್ಕೆ −7.2 ಬಾರ್ ಬರುತ್ತದೆ. ಕಾರಿನ ಟೈರಿಗೆ ಪೆಟ್ರೋಲ್ ಬಂಕಿನಲ್ಲಿ ತುಂಬಿಸುವ 32 ಪಿಎಸ್‌ಐ ಗಾಳಿ ಅಂದರೆ 2.2 ಬಾರ್. ಅದರ ಮೂರು ಪಟ್ಟಿಗೂ ಜಾಸ್ತಿ ಎಳೆತ ನಿಮ್ಮ ಬೆರಳ ಗಾತ್ರದ ಆಲೂಗಡ್ಡೆ ಕಡ್ಡಿಯಲ್ಲಿದೆ! ಈ ಲೆಕ್ಕ ಕೊಟ್ಟ ವ್ಯಾಂಟ್ ಹಾಫ್ ಅವರಿಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂತು. ನೀರು ಪೊರೆ ದಾಟುವ ಬಾಗಿಲುಗಳನ್ನು, ಅಂದರೆ ಆಕ್ವಾಪೊರಿನ್ ಪ್ರೋಟೀನುಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ಬಂತು.

ಸಕ್ಕರೆ ಬದಲು ಉಪ್ಪು ಹಾಕಬಹುದಾ?

ಹಾಕಬಹುದು, ಆದರೆ ಅಂಕಿ ಬದಲಾಗುತ್ತದೆ. ಉಪ್ಪು ಕರಗಿದಾಗ ಸೋಡಿಯಂ, ಕ್ಲೋರೈಡ್ ಎಂದು ಎರಡಾಗಿ ಒಡೆಯುತ್ತದೆ. ಅಭಿಸರಣೆಗೆ ಕಣಗಳ ಎಣಿಕೆ ಮುಖ್ಯ. ಹಾಗಾಗಿ 0.3 ಮೋಲಾರ್ ಸಕ್ಕರೆ ಮಾಡುವ ಕೆಲಸವನ್ನು ಸುಮಾರು 0.15 ಮೋಲಾರ್ ಉಪ್ಪು ಮಾಡುತ್ತದೆ. ಲೀಟರಿಗೆ 8.8 ಗ್ರಾಂ. ಆಸ್ಪತ್ರೆಯಲ್ಲಿ ಹಾಕುವ ನಾರ್ಮಲ್ ಸಲೈನ್ ಬಾಟಲಿಯ ಮೇಲೆ 0.9% ಎಂದು ಬರೆದಿರುತ್ತದೆ, ಅಂದರೆ ಲೀಟರಿಗೆ 9 ಗ್ರಾಂ. ರಕ್ತಕಣ ಉಬ್ಬಲೂ ಬಾರದು, ಸೊರಗಲೂ ಬಾರದು ಎಂದು ಇಟ್ಟ ಅಳತೆ ಅದು. ಓಆರ್‌ಎಸ್ ಪೊಟ್ಟಣದ ಮೇಲೆ ಹೇಳಿದಷ್ಟು ನೀರನ್ನೇ ಹಾಕಬೇಕು ಎನ್ನುವುದಕ್ಕೂ ಇದೇ ಕಾರಣ. ನೀರು ಕಡಿಮೆ ಹಾಕಿ ಗಟ್ಟಿ ಮಾಡಿದರೆ ಅದು ಕರುಳಿಗೆ ದೇಹದ ನೀರನ್ನೇ ಎಳೆಯಬಹುದು.

ಪ್ರಾಜೆಕ್ಟಿಗೆ ನನ್ನ ಆಯ್ಕೆ ಸಕ್ಕರೆ. ಉಪ್ಪಿನ ಕಣಗಳು ನಿಧಾನವಾಗಿ ಪೊರೆ ದಾಟಿ ಒಳಗೂ ಹೋಗುತ್ತವೆ, ಸುಕ್ರೋಸ್ ಅಷ್ಟಾಗಿ ಹೋಗುವುದಿಲ್ಲ.

ಬೇಯಿಸಿದ ಆಲೂಗಡ್ಡೆ ಇಟ್ಟರೆ?

ದಯವಿಟ್ಟು ಇಡಿ. ಎರಡು ಲೋಟ ಜಾಸ್ತಿ ಆಗುತ್ತದೆ ಅಷ್ಟೇ. ಬೇಯಿಸಿದಾಗ ಪೊರೆ ಹಾಳಾಗಿರುತ್ತದೆ. ನೀರು, ಸಕ್ಕರೆ ಎರಡೂ ಸುಮ್ನೆ ಒಳಗೆ ಹೊರಗೆ ಓಡಾಡುತ್ತವೆ. ಹಸಿ ಕಡ್ಡಿಯ ಆ ಚಂದದ ಇಳಿಜಾರು ಕಾಣುವುದಿಲ್ಲ. ಈ ಕೆಲಸ ಮಾಡುತ್ತಿದ್ದದ್ದು ಪೊರೆ ಎಂದು ತೋರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಒಂದು ಕಡ್ಡಿಯ ಅಂಕಿ ಉಳಿದೆರಡಕ್ಕೆ ಹೊಂದುತ್ತಿಲ್ಲ. ಗೈಡಿನ ಉತ್ತರಕ್ಕೂ ನಮ್ಮದಕ್ಕೂ ಹೊಂದುತ್ತಿಲ್ಲ. ತಿದ್ದಿಬಿಡಲಾ?

ತಿದ್ದಬೇಡಿ. ಗೈಡು ಬರೆದವರು ನಿಮ್ಮ ಆಲೂಗಡ್ಡೆಯನ್ನು ನೋಡಿಲ್ಲ. ತಳಿ ಬೇರೆ, ಇಟ್ಟ ದಿನ ಬೇರೆ, ನಿಮ್ಮದು 0.24 ಬಂದರೂ 0.36 ಬಂದರೂ ಅದು ನಿಮ್ಮ ಗಡ್ಡೆಯ ಅಂಕಿ. ಹೊಂದದ ಕಡ್ಡಿಯನ್ನು ಅಳಿಸಬೇಡಿ, ಪಟ್ಟಿಯಲ್ಲಿ ಇರಲಿ. ಪಕ್ಕದಲ್ಲಿ ಕಾರಣ ಬರೆಯಿರಿ: ತುದಿಯಲ್ಲಿ ಸಿಪ್ಪೆ ಉಳಿದಿತ್ತು, ಕಡ್ಡಿ ಮುರಿದಿತ್ತು, ತೇಲುತ್ತಿತ್ತು. ಕಾರಣ ಗೊತ್ತಿಲ್ಲವೆಂದರೆ ಗೊತ್ತಿಲ್ಲ ಎಂದೇ ಬರೆಯಿರಿ. ನಾನು ರೆಕಾರ್ಡ್ ತಿದ್ದುವಾಗ ಮೊದಲು ಹುಡುಕುವುದು ಈ ಸಾಲನ್ನೇ. ಮೂರು ಕಡ್ಡಿಯೂ ಎರಡನೇ ದಶಮಾಂಶದವರೆಗೆ ಒಂದೇ ಬಂದಿರುವ ಪಟ್ಟಿ ನೋಡಿದರೆ ನನಗೆ ಬೇಜಾರಾಗುತ್ತದೆ.

ಬರೀ ನೀರಿನ ಕಡ್ಡಿ ತೂಕ ಕಳೆದುಕೊಂಡು, ಗಟ್ಟಿ ದ್ರಾವಣದ್ದು ಹೆಚ್ಚಿದ್ದರೆ ಮಾತ್ರ ಹೆಸರು ಅದಲುಬದಲಾಗಿದೆ. ಒಮ್ಮೆ ನಾನೇ ಹೀಗೆ ಮಾಡಿದ್ದೆ. ಸಾರತೆಯನ್ನು ಮುಚ್ಚಳದ ಮೇಲೆ ಬರೆದು, ಬೆಳಗ್ಗೆ ಎಲ್ಲ ಮುಚ್ಚಳ ಒಟ್ಟಿಗೆ ತೆಗೆದಿಟ್ಟೆ. ಆರು ಲೋಟ, ಆರು ಮುಚ್ಚಳ, ಯಾವುದು ಯಾವುದರದ್ದೋ. ಇಡೀ ಪ್ರಯೋಗ ಮತ್ತೆ ಮಾಡಬೇಕಾಯಿತು. ಹೆಸರು ಲೋಟದ ಮೈಮೇಲೆ ಬರೆಯಿರಿ.

ಮುಗಿದ ಮೇಲೆ ಕಡ್ಡಿಗಳನ್ನು ಅಡುಗೆಗೆ ಹಾಕಬಹುದಾ?

ಬೇಡ. ರಾತ್ರಿಯೆಲ್ಲ ಹೊರಗೆ ನೆನೆದದ್ದು, ಹತ್ತು ಕೈ ಮುಟ್ಟಿದ್ದು. ಹಸಿ ಕಸದ ಬುಟ್ಟಿಗೆ ಹಾಕಿ. ಸಕ್ಕರೆ ನೀರನ್ನು ಸಿಂಕಿಗೆ ಚೆಲ್ಲಿ ಹಿಂದೆಯೇ ಎರಡು ಚೊಂಬು ನೀರು ಹಾಕಿ, ಗಿಡದ ಕುಂಡಕ್ಕೆ ಹಾಕಬೇಡಿ. 1 ಮೋಲಾರ್ ದ್ರಾವಣ ಆಲೂಗಡ್ಡೆಗೆ ಮಾಡಿದ್ದನ್ನೇ ತುಳಸಿಯ ಬೇರಿಗೂ ಮಾಡುತ್ತದೆ.